ಹಳೆ ಸಿನಿಮಾದ ಡಿವಿಡಿಯನ್ನು ದೊಡ್ಡ ಟಿವಿಗೆ ಹದ ಮಾಡುವುದು ಹೇಗೆ? ಪೂರ್ತಿ ಮಾರ್ಗದರ್ಶಿ

ಪೆನ್‌ಡ್ರೈವ್ ಹಿಡಿದುಕೊಂಡು ನನ್ನ ಹತ್ತಿರ ಬರುವವರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. "ಎಐ ಸಾಫ್ಟ್‌ವೇರ್‌ಗೆ ಹಾಕಿದೆ, ಎರಡು ದಿನ ಕಂಪ್ಯೂಟರ್ ಓಡಿಸಿದೆ, ಈಗ ನೋಡಿದರೆ ಮೊದಲಿದ್ದದ್ದೇ ವಾಸಿ ಅನ್ನಿಸುತ್ತೆ." ಫೈಲ್ ತೆರೆದು ನೋಡಿದರೆ ಮುಖಗಳು ಮೇಣದ ಗೊಂಬೆಯ ಹಾಗಿರುತ್ತವೆ. ಯಾರಾದರೂ ಓಡಿದರೆ ಪಂಚೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಚಿತ್ರ ದೊಡ್ಡದಾದಾಗ ಆ ಗೆರೆಗಳೂ ಕಿಟಕಿಯ ಸರಳಿನಷ್ಟು ದಪ್ಪ ಆಗಿರುತ್ತವೆ.

ಇಂಥ ಬಹುಪಾಲು ಫೈಲ್‌ಗಳಲ್ಲಿ ತಪ್ಪಿರುವುದು ಕೆಲಸದ ಕ್ರಮ. ಚಿತ್ರವನ್ನು ದೊಡ್ಡದು ಮಾಡುವ ಕೆಲಸ ಕೊನೆಯ ಕಡೆಗೆ ಬರಬೇಕು. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ಈ ಬರಹದ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಒಂದು ಹಂತ ನಿಮ್ಮ ಡಿಸ್ಕ್‌ಗೆ ಬೇಡ ಅನ್ನಿಸಿದರೆ ಬಿಟ್ಟು ಮುಂದೆ ಹೋಗಿ, ಆದರೆ ಕ್ರಮ ಮಾತ್ರ ಬದಲಿಸಬೇಡಿ.

## ಶುರು ಮಾಡುವ ಮೊದಲು: ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು

ಒಂದು ಸಣ್ಣ ಲೆಕ್ಕ. ಡಿವಿಡಿಯ ಒಂದು ಫ್ರೇಮ್ 720×576, ಅಂದರೆ ಸುಮಾರು 4.15 ಲಕ್ಷ ಚುಕ್ಕಿ. 4ಕೆ ಟಿವಿಯ ಪರದೆ 3840×2160, ಅಂದರೆ ಸುಮಾರು 83 ಲಕ್ಷ ಚುಕ್ಕಿ. ಇಪ್ಪತ್ತು ಪಟ್ಟು. ನೀವು 4ಕೆಗೆ ಏರಿಸಿದರೆ ಪ್ರತಿ 20 ಚುಕ್ಕಿಯಲ್ಲಿ 19 ಚುಕ್ಕಿಗಳನ್ನು ಸಾಫ್ಟ್‌ವೇರ್ ಊಹೆ ಮಾಡಿ ತುಂಬಿರುತ್ತದೆ.

ಚಿತ್ರೋತ್ಸವಗಳಲ್ಲಿ ತೋರಿಸುವ 4ಕೆ ಪ್ರತಿಗಳ ಕಥೆಯೇ ಬೇರೆ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 2024ರಲ್ಲಿ ವೆನಿಸ್‌ನಲ್ಲಿ ಹೊಸ ರೂಪದಲ್ಲಿ ತೆರೆ ಕಂಡಿತಲ್ವಾ, ಅದನ್ನು ಮೂಲ ನೆಗೆಟಿವ್‌ನಿಂದ ತೆಗೆದದ್ದು. ನೆಗೆಟಿವ್‌ನಲ್ಲಿ ಅಷ್ಟು ವಿವರ ನಿಜವಾಗಿಯೂ ಇರುತ್ತದೆ. ಡಿವಿಡಿಯಲ್ಲಿ ಇರುವುದಿಲ್ಲ.

ಹಾಗಾಗಿ ನನ್ನ ಸಲಹೆ ಹೀಗಿದೆ. 1950–60ರ ದಶಕದ ಕಪ್ಪುಬಿಳುಪು ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದವು. ಅವನ್ನು 1440×1080ಕ್ಕೆ ಏರಿಸಿ, ಅಲ್ಲೇ ನಿಲ್ಲಿಸಿ. ಉಳಿದದ್ದನ್ನು ಟಿವಿಯೇ ಹಿಗ್ಗಿಸಿಕೊಳ್ಳುತ್ತದೆ. ನೇರವಾಗಿ 4ಕೆಗೆ ಏರಿಸಿದರೆ ಸಮಯ ನಾಲ್ಕು ಪಟ್ಟು ಹಿಡಿಯುತ್ತದೆ, ಮುಖಗಳು ಜಾಸ್ತಿ ಕೆಡುತ್ತವೆ.

ಇನ್ನು ಕಾನೂನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು, ಅದು ಬಿಡುಗಡೆಯಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ನೀವು ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ನಿಮ್ಮ ಮನೆಯಲ್ಲಿ ನೋಡಿಕೊಳ್ಳುವುದಕ್ಕೆ. ಹಕ್ಕು ಇನ್ನೂ ಇರುವ ಚಿತ್ರವನ್ನು ಎಲ್ಲೂ ಅಪ್‌ಲೋಡ್ ಮಾಡಬೇಡಿ.

## ಬೇಕಾಗುವ ಸಾಮಾನು

ಡಿವಿಡಿ ಡ್ರೈವ್ ಬೇಕು. ಲ್ಯಾಪ್‌ಟಾಪ್‌ನಲ್ಲಿ ಇಲ್ಲದಿದ್ದರೆ ಯುಎಸ್‌ಬಿಯದ್ದು ನಡೆಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಕನಿಷ್ಠ 300 ಜಿಬಿ ಖಾಲಿ ಇರಲಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಏಳನೇ ಹಂತ ಬೇಗ ಮುಗಿಯುತ್ತದೆ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಯುಪಿಎಸ್ ಇದ್ದರೆ ತುಂಬಾ ಒಳ್ಳೆಯದು.

ಸಾಫ್ಟ್‌ವೇರ್‌ಗಳು: ಡಿಸ್ಕ್ ಇಳಿಸಲು ಮೇಕ್‌ಎಂಕೆವಿ, ಫೈಲ್‌ನ ಜಾತಕ ನೋಡಲು ಮೀಡಿಯಾಇನ್ಫೊ, ಫ್ರೇಮ್ ಫ್ರೇಮ್ ಪರೀಕ್ಷಿಸಲು ವಿಎಲ್‌ಸಿ, ಮುಖ್ಯ ಕೆಲಸಕ್ಕೆ ಹೈಬ್ರಿಡ್, ಧ್ವನಿಗೆ ಆಡಾಸಿಟಿ, ಕೊನೆಯಲ್ಲಿ ಜೋಡಿಸಲು ಎಂಕೆವಿಟೂಲ್‌ನಿಕ್ಸ್. ಇವಕ್ಕೆಲ್ಲ ದುಡ್ಡು ಕೊಡಬೇಕಿಲ್ಲ. ಹೈಬ್ರಿಡ್‌ನ ಪರದೆ ಮೊದಲ ಸಲ ನೋಡಿದಾಗ ಹೆದರಿಕೆ ಆಗುತ್ತದೆ, ಅಷ್ಟೊಂದು ಗುಂಡಿಗಳಿವೆ. ಅದರ ಒಳಗೆ ವೇಪರ್‌ಸಿಂತ್ ಅನ್ನುವ ಎಂಜಿನ್ ಇದೆ. ನಮಗೆ ಬೇಕಾಗುವುದು ಅದರ ನಾಲ್ಕೈದು ಫಿಲ್ಟರ್ ಮಾತ್ರ. ಬರೀ ಸರಳ ಕೆಲಸ ಸಾಕು ಅನ್ನುವವರು ಹ್ಯಾಂಡ್‌ಬ್ರೇಕ್ ಬಳಸಬಹುದು.

## ಹಂತ 1: ಸರಿಯಾದ ಡಿಸ್ಕ್ ಆರಿಸುವುದು

ಒಂದೇ ಸಿನಿಮಾ ಎರಡು ಮೂರು ಕಂಪನಿಗಳಿಂದ ಡಿಸ್ಕ್ ಆಗಿ ಬಂದಿರುವುದುಂಟು. ಒಂದರಲ್ಲಿ ಹಾಡು ಕತ್ತರಿಸಿರುತ್ತಾರೆ, ಇನ್ನೊಂದರಲ್ಲಿ ಮೂಲೆಯಲ್ಲಿ ಲೋಗೊ ಇರುತ್ತದೆ. ಸಿಕ್ಕಷ್ಟನ್ನೂ ತಂದು ಹೋಲಿಸಿ. ರಾತ್ರಿಯ ದೃಶ್ಯ ಒಂದು, ಓಡಾಟದ ದೃಶ್ಯ ಒಂದು, ಹಾಡಿನಲ್ಲಿ ಹತ್ತಿರದಿಂದ ಮುಖ ತೋರಿಸುವ ಕಡೆ ಒಂದು. ಈ ಮೂರನ್ನು ನೋಡಿದರೆ ಯಾವುದು ವಾಸಿ ಅಂತ ಗೊತ್ತಾಗುತ್ತದೆ.

ಸಿನಿಮಾ ಪೂರ್ತಿ ಇದೆಯೋ ಇಲ್ಲವೋ ಅಂತ ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ನಿಲ್ಲಿಸಿ ಓದಿ. ಅದರಲ್ಲಿ ರೀಲುಗಳ ಸಂಖ್ಯೆ, ಫಿಲ್ಮಿನ ಉದ್ದ ಬರೆದಿರುತ್ತಾರೆ. 35 ಎಂಎಂ ಫಿಲ್ಮು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಉದ್ದ ಅಡಿಯಲ್ಲಿದ್ದರೆ ನಿಮಿಷಕ್ಕೆ 90 ಅಡಿ. ಸರ್ಟಿಫಿಕೇಟಿನಲ್ಲಿ 4,384 ಮೀಟರ್ ಇದೆ ಅಂದುಕೊಳ್ಳಿ. 27.4ರಿಂದ ಭಾಗಿಸಿದರೆ 160 ನಿಮಿಷ. ಡಿಸ್ಕ್ ಓಡುವುದು 140 ನಿಮಿಷ ಮಾತ್ರ ಅಂದರೆ ಕತ್ತರಿ ಆಡಿದೆ ಅಂತ ಅರ್ಥ.

153 ಅಥವಾ 154 ನಿಮಿಷ ಬಂದರೆ ಗಾಬರಿ ಬೇಡ. ಅದು ಕತ್ತರಿಯಲ್ಲ, ವೇಗ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 25. ಡಿಸ್ಕ್ ಮಾಡುವಾಗ ಸಿನಿಮಾವನ್ನು ಸ್ವಲ್ಪ ಜೋರಾಗಿ ಓಡಿಸಿರುತ್ತಾರೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಎಂಟನೇ ಹಂತದಲ್ಲಿ ಬೇಕಾಗುತ್ತದೆ.

ಇಂಟರ್‌ನೆಟ್ಟಿನಲ್ಲಿ ಸಿಗುವ ಪ್ರತಿ ಪರದೆಯಲ್ಲಿ ನುಣ್ಣಗೆ ಕಂಡರೂ ಅದು ಡಿಸ್ಕಿನದ್ದೇ ಮರುಹಿಂಡಿದ ರೂಪ ಆಗಿರುವುದು ಸಾಮಾನ್ಯ. ಡಿಸ್ಕ್ ಸಿಕ್ಕರೆ ಡಿಸ್ಕನ್ನೇ ಹಿಡಿಯಿರಿ.

## ಹಂತ 2: ಡಿಸ್ಕ್ ಒರೆಸಿ ಇಳಿಸುವುದು

ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ತೆಗೆದುಕೊಳ್ಳಿ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ತಿರುಗಿಸಿ ಒರೆಸಬೇಡಿ. ಡಿಸ್ಕಿನಲ್ಲಿ ಮಾಹಿತಿ ಸುರುಳಿಯಾಗಿ ಇರುತ್ತದೆ. ಅದೇ ದಿಕ್ಕಿನಲ್ಲಿ ಗೀರು ಬಿದ್ದರೆ ಉದ್ದಕ್ಕೂ ಓದಲಾಗದ ಹಾಗಾಗುತ್ತದೆ. ಅಡ್ಡಗೀರು ಬಿದ್ದರೆ ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ.

ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಒಳಪದರ ಹಾಳಾಗುತ್ತಿದೆ. ಅಂಥ ಡಿಸ್ಕನ್ನು ನಾಳೆಗೆ ಇಡಬೇಡಿ, ಇವತ್ತೇ ಇಳಿಸಿ.

ಮೇಕ್‌ಎಂಕೆವಿ ವಿಡಿಯೋವನ್ನು ಮತ್ತೆ ಹಿಂಡದೆ, ಇದ್ದದ್ದು ಇದ್ದ ಹಾಗೇ ಎಂಕೆವಿ ಫೈಲಿಗೆ ತುಂಬುತ್ತದೆ. ನಾಲ್ಕರಿಂದ ಎಂಟು ಜಿಬಿಯ ಫೈಲ್ ಸಿಗುತ್ತದೆ. ಇದು ನಿಮ್ಮ ಮೂಲಪ್ರತಿ. ಇದರ ಒಂದು ನಕಲನ್ನು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ, ಕೆಲಸವೆಲ್ಲ ಇನ್ನೊಂದು ನಕಲಿನ ಮೇಲೆ ನಡೆಯಲಿ.

ನಡುವೆ ಓದಲು ತೊಡಕಾದರೆ ಇನ್ನೊಂದು ಡ್ರೈವ್‌ನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

## ಹಂತ 3: ರೋಗ ಪತ್ತೆ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ಇಲ್ಲಿ ಹತ್ತು ನಿಮಿಷ ಕೂತರೆ ಮುಂದೆ ಎರಡು ದಿನ ಉಳಿಯುತ್ತದೆ.

ಮೊದಲು ಮೀಡಿಯಾಇನ್ಫೊದಲ್ಲಿ ನೋಡಿ. 720×576, 25 ಫ್ರೇಮ್ ಇದ್ದರೆ ಪಾಲ್. 720×480, 29.97 ಇದ್ದರೆ ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಟಿವಿ ಪದ್ಧತಿ. ನಮ್ಮ ದೇಶದಲ್ಲಿ ಟಿವಿ ಪಾಲ್ ಆದರೂ ಡಿಸ್ಕುಗಳಲ್ಲಿ ಎನ್‌ಟಿಎಸ್‌ಸಿ ಸಾಕಷ್ಟಿವೆ. ಅಲ್ಲಿ 'ಇಂಟರ್‌ಲೇಸ್ಡ್' (ಸರಿ ಗೆರೆಗಳು, ಬೆಸ ಗೆರೆಗಳು ಅಂತ ಪ್ರತಿ ಫ್ರೇಮನ್ನು ಎರಡು ಅರ್ಧ ಮಾಡಿ ತುಂಬಿದ್ದು) ಅಂತ ಬರೆದಿದ್ದರೆ ಅದನ್ನು ಪೂರ್ತಿ ನಂಬಬೇಡಿ. ಅದು ಬರೀ ಹಣೆಪಟ್ಟಿ, ಒಳಗಿನ ಚಿತ್ರ ಬೇರೆಯೇ ಇರಬಹುದು.

ಈಗ ವಿಎಲ್‌ಸಿ. ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ (ಬಾಚಣಿಗೆ ಗೆರೆ ಅಳಿಸುವ ಆಯ್ಕೆ) ಅನ್ನುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ವಿಎಲ್‌ಸಿ ರೋಗವನ್ನು ನಿಮ್ಮಿಂದ ಮುಚ್ಚಿಡುತ್ತದೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವ ಅಥವಾ ಯಾರಾದರೂ ಅಡ್ಡಕ್ಕೆ ಓಡುವ ದೃಶ್ಯ ಹುಡುಕಿ. ನಿಲ್ಲಿಸಿ, ಕೀಬೋರ್ಡಿನ 'ಇ' ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಹತ್ತು ಫ್ರೇಮ್ ನೋಡಿ ಬರೆದುಕೊಳ್ಳಿ.

ಎಲ್ಲ ಫ್ರೇಮೂ ಶುಭ್ರವಾಗಿದ್ದರೆ ಪುಣ್ಯ. ನಾಲ್ಕನೇ ಹಂತ ಬೇಡ.

ಮೂರು ಶುಭ್ರ, ಎರಡು ಬಾಚಣಿಗೆ, ಮತ್ತೆ ಮೂರು ಶುಭ್ರ, ಎರಡು ಬಾಚಣಿಗೆ. ಹೀಗಿದ್ದರೆ ಅದು ಎನ್‌ಟಿಎಸ್‌ಸಿಯ ಟೆಲಿಸಿನಿ, ಅಂದರೆ 24 ಫ್ರೇಮಿನ ಸಿನಿಮಾವನ್ನು 29.97ಕ್ಕೆ ಹಿಗ್ಗಿಸಿದ್ದು. ಪೂರ್ತಿ ಗುಣವಾಗುವ ರೋಗ.

ಪಾಲ್ ಡಿಸ್ಕಿನಲ್ಲಿ ಅಲ್ಲಾಡುವ ಪ್ರತಿ ಫ್ರೇಮಿನಲ್ಲೂ ಬಾಚಣಿಗೆ ಇದ್ದರೆ, ಬಹಳ ಸಲ ಅರ್ಧ ಫ್ರೇಮುಗಳು ಒಂದು ಮನೆ ಜರುಗಿ ಕೂತಿರುತ್ತವೆ. ಇವತ್ತಿನ ಫ್ರೇಮಿನ ಸರಿಸಂಖ್ಯೆಯ ಗೆರೆಗಳು ನಾಳೆಯ ಫ್ರೇಮಿನ ಬೆಸಸಂಖ್ಯೆಯ ಗೆರೆಗಳ ಜೊತೆ ಸೇರಿರುತ್ತವೆ. ಇದೂ ಪೂರ್ತಿ ಗುಣವಾಗುತ್ತದೆ.

ಬಾಚಣಿಗೆ ಇಲ್ಲ, ಆದರೆ ಓಡುವವನಿಗೆ ಎರಡು ಮೈ. ಒಂದು ಗಟ್ಟಿ, ಒಂದು ನೆರಳಿನ ಹಾಗೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಿಸುವಾಗ ಎರಡು ಫ್ರೇಮನ್ನು ಕಲಸಿಬಿಟ್ಟಿದ್ದಾರೆ. ಬೇರೆ ಡಿಸ್ಕ್ ಸಿಗುತ್ತದೆಯೋ ನೋಡಿ. ಸಿಗದಿದ್ದರೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಕೆಲವು ಡಿಸ್ಕುಗಳಲ್ಲಿ ಹಾಡಿಗೊಂದು, ಮಾತಿಗೊಂದು ರೋಗ ಇರುತ್ತದೆ. ಅದಕ್ಕೇ ಪರೀಕ್ಷೆಯನ್ನು ಶುರುವಿನಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಮೂರು ಕಡೆ ಮಾಡಿ.

## ಹಂತ 4: ಬಾಚಣಿಗೆ ಗೆರೆ ತೆಗೆಯುವುದು

ರೋಗಕ್ಕೆ ತಕ್ಕ ಮದ್ದು. ಎಲ್ಲದಕ್ಕೂ ಡಿಇಂಟರ್‌ಲೇಸ್ ಹಾಕುವುದೇ ನಾನು ಅತಿ ಹೆಚ್ಚು ನೋಡುವ ತಪ್ಪು.

ಟೆಲಿಸಿನಿ ಆಗಿದ್ದರೆ ಟಿಎಫ್‌ಎಂ ಮತ್ತು ಟಿಡೆಸಿಮೇಟ್ ಅನ್ನುವ ಎರಡು ಫಿಲ್ಟರ್‌ಗಳನ್ನು ಇದೇ ಕ್ರಮದಲ್ಲಿ ಹಾಕಿ. ಮೊದಲನೆಯದು ಒಂದೇ ಫ್ರೇಮಿಗೆ ಸೇರಿದ ಗೆರೆಗಳನ್ನು ಹುಡುಕಿ ಜೋಡಿಸುತ್ತದೆ. ಎರಡನೆಯದು ಐದರಲ್ಲಿ ಒಂದು ಹೆಚ್ಚುವರಿ ಫ್ರೇಮನ್ನು ಕಿತ್ತು ಹಾಕುತ್ತದೆ. ಕೊನೆಗೆ ಸೆಕೆಂಡಿಗೆ 23.976 ಫ್ರೇಮ್ ಉಳಿಯುತ್ತದೆ.

ಪಾಲ್‌ನ ಜರುಗಿದ ಗೆರೆಗಳಿಗೆ ಟಿಎಫ್‌ಎಂ ಒಂದೇ ಸಾಕು. ಇಲ್ಲಿ ಡಿಇಂಟರ್‌ಲೇಸ್ ಹಾಕಿದರೆ ಸಾಫ್ಟ್‌ವೇರ್ ಅರ್ಧದಷ್ಟು ಗೆರೆಗಳನ್ನು ಎಸೆದು, ಆ ಜಾಗವನ್ನು ಊಹೆಯಿಂದ ತುಂಬುತ್ತದೆ. ಇದ್ದ 576 ಗೆರೆಗಳಲ್ಲಿ ಅರ್ಧವನ್ನು ನೀವೇ ಕೈಯಾರೆ ಕಳೆದ ಹಾಗೆ.

ನೆರಳು ಬಿದ್ದ ಡಿಸ್ಕಿಗೆ ಕ್ಯುಟಿಜಿಎಂಸಿ ಅನ್ನುವ ಫಿಲ್ಟರ್ ಹಾಕಿ ಫ್ರೇಮುಗಳನ್ನು ಇಮ್ಮಡಿ ಮಾಡಿ, ಆಮೇಲೆ ಎಸ್‌ರಿಸ್ಟೋರ್ ಹಾಕಿ ಕಲಸಿದ ಫ್ರೇಮುಗಳನ್ನು ಹೆಕ್ಕಿ ತೆಗೆಯಬೇಕು. ನೂರಕ್ಕೆ ನೂರು ಸರಿಹೋಗುವುದಿಲ್ಲ, ಆದರೆ ಕಣ್ಣಿಗೆ ಹಿತವಾಗುವಷ್ಟು ಆಗುತ್ತದೆ.

ಎಚ್ಚರಿಕೆಯ ಗುರುತು: ಫಿಲ್ಟರ್ ಹಾಕಿದ ಮೇಲೆ ನಡೆಯುವವರು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಇಟ್ಟ ಹಾಗೆ ಕಂಡರೆ ಗೆರೆಗಳ ಸರದಿ ತಿರುಗಿದೆ. ಮೇಲಿನ ಗೆರೆ ಮೊದಲು, ಕೆಳಗಿನ ಗೆರೆ ಮೊದಲು ಅನ್ನುವ ಆಯ್ಕೆ ಇರುತ್ತದೆ. ಒಂದು ತಪ್ಪಾದರೆ ಇನ್ನೊಂದು ಸರಿ. ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನದೇ ಮೊದಲು.

ಈ ಹಂತದ ಫಲವನ್ನು ಎಫ್‌ಎಫ್‌ವಿ1 ಅನ್ನುವ, ಏನೂ ಕಳೆಯದ ರೂಪದಲ್ಲಿ ಉಳಿಸಿ. ಎರಡೂವರೆ ಗಂಟೆಯ ಸಿನಿಮಾ 60–80 ಜಿಬಿ ಹಿಡಿದೀತು. ಕೆಲಸ ಮುಗಿದ ಮೇಲೆ ಅಳಿಸಬಹುದು.

## ಹಂತ 5: ಅಂಚು ಕತ್ತರಿಸಿ, ಆಕಾರ ಸರಿ ಮಾಡುವುದು

ಗೆರೆ ಸರಿಯಾದ ಮೇಲಷ್ಟೇ ಕತ್ತರಿ. ಮೊದಲೇ ಮೇಲಿಂದ ಮೂರು ಗೆರೆ ಕತ್ತರಿಸಿದರೆ ಸರಿ–ಬೆಸ ಅದಲುಬದಲಾಗಿ ನಾಲ್ಕನೇ ಹಂತ ಕೆಡುತ್ತದೆ. ಈಗಲೂ ಸರಿಸಂಖ್ಯೆಯಲ್ಲೇ ಕತ್ತರಿಸಿ. ಕಪ್ಪು ಅಂಚು ಮಾತ್ರ ಹೋಗಲಿ, ಚಿತ್ರಕ್ಕೆ ಕೈ ಹಚ್ಚಬೇಡಿ.

ಡಿವಿಡಿಯ ಚುಕ್ಕಿ ಚೌಕವಲ್ಲ. 720×576 ಚಿತ್ರವನ್ನು ಚೌಕ ಚುಕ್ಕಿಗೆ ತಂದರೆ 768×576 ಆಗಬೇಕು. ಇದನ್ನು ಮರೆತರೆ ಎಲ್ಲರೂ ಸ್ವಲ್ಪ ಬಡಕಲಾಗುತ್ತಾರೆ. ಅಗಲ ಪರದೆಗೆ ಎಳೆದರೆ ಎಲ್ಲರೂ ದಪ್ಪ. ಎನ್‌ಟಿಎಸ್‌ಸಿ ಡಿಸ್ಕಾದರೆ 640×480 ಲೆಕ್ಕ.

ಸರಿಯಾಗಿದೆಯೋ ನೋಡಲು ಸಿನಿಮಾದಲ್ಲೇ ಒಂದು ಗುಂಡನೆಯ ವಸ್ತು ಹುಡುಕಿ. ನೇರವಾಗಿ ಕಾಣುವ ಎತ್ತಿನ ಗಾಡಿಯ ಚಕ್ರ, ಹಣೆಯ ಕುಂಕುಮ, ಗೋಡೆ ಗಡಿಯಾರ, ಯಾವುದಾದರೂ ಸರಿ. ಫ್ರೇಮನ್ನು ಚಿತ್ರವಾಗಿ ಉಳಿಸಿ, ಅಗಲ ಎತ್ತರ ಅಳೆಯಿರಿ. ಎರಡೂ ಒಂದೇ ಇರಬೇಕು.

ಸಿನಿಮಾಸ್ಕೋಪ್ ಚಿತ್ರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಚೌಕ ಡಿಸ್ಕಿಗೆ ಇಳಿಸಿದ್ದರೆ ನಿಜವಾದ ಚಿತ್ರ ಸಿಗುವುದು ಸುಮಾರು 327 ಗೆರೆ ಮಾತ್ರ. ಅಂಥದ್ದನ್ನು ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಬೇಡಿ.

## ಹಂತ 6: ಕೊಳೆ ತೆಗೆಯುವುದು, ಜೀವ ಉಳಿಸುವುದು

ಮೊದಲು ಅತಿ ಸುಲಭದ, ಅತಿ ಲಾಭದ ಕೆಲಸ. ಸಿನಿಮಾ ಕಪ್ಪುಬಿಳುಪಾಗಿದ್ದರೆ ಸ್ಯಾಚುರೇಶನ್ನನ್ನು ಸೊನ್ನೆಗೆ ಇಳಿಸಿ. ಕಪ್ಪುಬಿಳುಪು ಸಿನಿಮಾದಲ್ಲಿ ಬಣ್ಣ ಎಲ್ಲಿಂದ ಬರಬೇಕು ಅಂತ ಕೇಳಬಹುದು. ಟೇಪಿನಿಂದ ಡಿಸ್ಕಿಗೆ ಇಳಿಸುವಾಗ ಹಸಿರು, ನೇರಳೆಯ ಛಾಯೆ ಸೇರಿಕೊಂಡಿರುತ್ತದೆ. ಪಟ್ಟೆ ಪಟ್ಟೆ ಶರ್ಟಿನ ಮೇಲೆ ಕಾಮನಬಿಲ್ಲು ಓಡಾಡುತ್ತಿರುತ್ತದೆ. ಈ ಒಂದು ಗುಂಡಿ ಒತ್ತಿದರೆ ಅದೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಆಮೇಲೆ ಡಿಬ್ಲಾಕ್. ಗೋಡೆ, ಆಕಾಶದಂಥ ಬಯಲು ಜಾಗದಲ್ಲಿ ಕಾಣುವ ಚೌಕಚೌಕ ಕಲೆಗಳಿಗೆ ಇದು. ಹಗುರವಾಗಿ ಹಾಕಿ.

ನಂತರ ಡಿನಾಯ್ಸ್. ಸಿನಿಮಾದ ಕಾಳು ಬೇರೆ, ಡಿಸ್ಕಿನ ಗೊಂದಲ ಬೇರೆ. ಫಿಲ್ಮಿನ ಕಾಳು ಸಣ್ಣ ರವೆಯ ಹಾಗೆ ಇಡೀ ಪರದೆಯ ಮೇಲೆ ಹರಡಿರುತ್ತದೆ. ಡಿಸ್ಕಿನ ಗೊಂದಲ ಅಂಚುಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಇರುತ್ತದೆ. ನಮಗೆ ಹೋಗಬೇಕಾದ್ದು ಸೊಳ್ಳೆ. ರವೆ ಸ್ವಲ್ಪ ಉಳಿಯಲಿ. ಹೈಬ್ರಿಡ್‌ನಲ್ಲಿ ಎಸ್‌ಎಂಡಿಗ್ರೇನ್ ಅನ್ನುವ ಫಿಲ್ಟರ್ ಒಳ್ಳೆಯದು, ತೀವ್ರತೆ 150ರಿಂದ 200ರೊಳಗೆ ಶುರು ಮಾಡಿ. ಹ್ಯಾಂಡ್‌ಬ್ರೇಕ್ ಆದರೆ ಎನ್‌ಎಲ್‌ಮೀನ್ಸ್, ಅದೂ ಅತಿ ಹಗುರದ ಆಯ್ಕೆ.

ಪೂರ್ತಿ ಸಿನಿಮಾ ಓಡಿಸುವ ಮುಂಚೆ ಹತ್ತು ಸೆಕೆಂಡಿನ ಐದು ತುಣುಕು ಮಾಡಿ ಟಿವಿಯಲ್ಲೇ ನೋಡಿ. ಲ್ಯಾಪ್‌ಟಾಪ್ ಪರದೆ ಸಾಲದು. ನೋಡಬೇಕಾದ್ದು ಮೂರು: ಕೆನ್ನೆಯ ಮೇಲೆ ಚರ್ಮದ ಗೆರೆ ಉಳಿದಿದೆಯಾ? ಸೀರೆಯ ಜರಿ ಅಂಚು ಉಳಿದಿದೆಯಾ? ಮುಡಿದ ಮಲ್ಲಿಗೆ ದಂಡೆಯಲ್ಲಿ ಹೂವು ಬಿಡಿಬಿಡಿಯಾಗಿ ಕಾಣುತ್ತಾ? ದಂಡೆ ಬಿಳಿ ಪಟ್ಟಿಯಾಗಿದ್ದರೆ ತೀವ್ರತೆ ಅರ್ಧ ಮಾಡಿ.

ಚುಕ್ಕೆ, ಗೀರು ತೆಗೆಯಲು ಸ್ಪಾಟ್‌ಲೆಸ್ ಫಿಲ್ಟರ್ ಇದೆ. ಒಂದೇ ಫ್ರೇಮಿನಲ್ಲಿ ಬಂದು ಮಾಯವಾಗುವುದೆಲ್ಲ ಕೊಳೆ ಅಂತ ಅದು ಅಂದುಕೊಳ್ಳುತ್ತದೆ. ಹಾಗಾಗಿ ಮಳೆ ಹನಿ, ಬೆಂಕಿಯ ಕಿಡಿ, ಮದುವೆಯಲ್ಲಿ ಎರಚುವ ಅಕ್ಷತೆ, ಇವನ್ನೂ ತಿಂದುಬಿಡುತ್ತದೆ. ಮಳೆಯ ಹಾಡೊಂದರಲ್ಲಿ ನನಗೆ ಹೀಗೇ ಆಯಿತು. ನಾಯಕ ನಾಯಕಿ ಒದ್ದೆಯಾಗಿ ನಿಂತಿದ್ದಾರೆ, ಮಳೆಯೇ ಇಲ್ಲ! ಅಂದಿನಿಂದ ಅಂಥ ದೃಶ್ಯಗಳನ್ನು ಮೊದಲೇ ಗುರುತು ಮಾಡಿ, ಅಲ್ಲಿ ಈ ಫಿಲ್ಟರ್ ಇಲ್ಲದೆ ಬೇರೆಯಾಗಿ ಓಡಿಸುತ್ತೇನೆ. ಉದ್ದಕ್ಕೆ ನಿಂತೇ ಇರುವ ಗೀರು ಇದರಿಂದ ಹೋಗುವುದಿಲ್ಲ. ಅದನ್ನು ಬಿಟ್ಟುಬಿಡಿ, ಬಲವಂತ ಮಾಡಿದರೆ ಆ ಜಾಗವೆಲ್ಲ ನೀರಿನಲ್ಲಿ ಅಲುಗಾಡಿದ ಹಾಗಾಗುತ್ತದೆ.

ಬಣ್ಣದ ಸಿನಿಮಾ ಗುಲಾಬಿಗೆ ತಿರುಗಿದ್ದರೆ ಫಿಲ್ಮಿನಲ್ಲಿ ನೀಲಿ–ಹಸಿರು ಬಣ್ಣ ಮಾಸಿ ಕೆಂಪು ಉಳಿದಿದೆ ಅಂತ ಅರ್ಥ. ಕೆಂಪು ತಗ್ಗಿಸಿ, ನಿಧಾನವಾಗಿ. ಬಿಳಿ ಪಂಚೆ ಬಿಳಿಯಾಗಿ ಕಂಡ ಕೂಡಲೇ ನಿಲ್ಲಿಸಿ. ಆ ಪಂಚೆಯೇ ನಿಮ್ಮ ಅಳತೆಗೋಲು.

## ಹಂತ 7: ದೊಡ್ಡದು ಮಾಡುವುದು

ಈಗ ಎಐ. ಹೈಬ್ರಿಡ್‌ನಲ್ಲೇ ರಿಯಲ್-ಇಎಸ್‌ಆರ್‌ಗ್ಯಾನ್‌ನಂಥ ಮಾದರಿಗಳಿವೆ. ದುಡ್ಡು ಕೊಡುವುದಾದರೆ ಟೋಪಾಜ್‌ನದ್ದೂ ಇದೆ. ಯಾವುದೇ ಇರಲಿ, ಎರಡು ಪಟ್ಟಿನ ಮಾದರಿ ಆರಿಸಿ. ಎರಡು ಪಟ್ಟು ಏರಿಸಿ, ಅಲ್ಲಿಂದ 1440×1080ಕ್ಕೆ ಇಳಿಸಿ. ಇಳಿಸುವಾಗ ಎಐ ಬಿಡಿಸಿದ ಚೂಪು ಅಂಚುಗಳು ಸ್ವಲ್ಪ ಮೆತ್ತಗಾಗುತ್ತವೆ.

ಎಐ ಒರಟಾಗಿ ಕಂಡರೆ ಎನ್‌ಎನ್‌ಇಡಿಐ3 ಅನ್ನುವ ಹಳೆಯ ಫಿಲ್ಟರ್ ಬಳಸಿ. ಅದು ಇಲ್ಲದ ವಿವರ ಹುಟ್ಟಿಸಲು ಹೋಗುವುದಿಲ್ಲ, ಇದ್ದ ಅಂಚನ್ನು ನಯವಾಗಿ ಹಿಗ್ಗಿಸುತ್ತದೆ. ನನ್ನ ಕಪ್ಪುಬಿಳುಪು ಚಿತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಮಾಡಿದವು.

ನಮ್ಮ ಭಾಷೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಎಐ ಮಾದರಿಗಳು ಕನ್ನಡ ಅಕ್ಷರವನ್ನು ಕೆಡಿಸುತ್ತವೆ. ಶುರುವಿನ ಟೈಟಲ್ ಕಾರ್ಡಿನಲ್ಲಿ ಒತ್ತಕ್ಷರ ಕರಗಿ ಹುಳುವಿನಂತಾಗುತ್ತದೆ. ಅರ್ಕಾವತ್ತು ಮಾಯವಾಗುತ್ತದೆ, 'ಸೂರ್ಯ' ಹೋಗಿ ಓದಲಾಗದ ಏನೋ ಬರುತ್ತದೆ. ಕಲಾವಿದರ, ತಂತ್ರಜ್ಞರ ಹೆಸರು ಇರುವ ಜಾಗ ಅದು, ಅದನ್ನು ಕೆಡಿಸುವ ಹಕ್ಕು ನಮಗಿಲ್ಲ. ಟೈಟಲ್ ಭಾಗವನ್ನು ಬೇರೆ ಮಾಡಿ, ಎಐ ಇಲ್ಲದೆ ಮಾಮೂಲಿ ಸ್ಪ್ಲೈನ್ ಅಥವಾ ಲ್ಯಾಂಕ್ಜೋಸ್ ವಿಧಾನದಲ್ಲಿ ಹಿಗ್ಗಿಸಿ. ಕಥೆಯ ನಡುವೆ ಬರುವ ಪತ್ರ, ಪೇಪರು, ಅಂಗಡಿ ಬೋರ್ಡುಗಳಿಗೂ ಇದೇ ಮಾತು.

ಇನ್ನೊಂದು ಗುರುತು ಜನಜಂಗುಳಿ. ಜಾತ್ರೆ, ಮದುವೆಯ ದೃಶ್ಯದಲ್ಲಿ ಹಿಂದೆ ನಿಂತವರ ಮುಖ ಹತ್ತು ಹದಿನೈದು ಚುಕ್ಕಿ ಅಷ್ಟೇ ಇರುತ್ತದೆ. ಎಐ ಅದಕ್ಕೆ ಕಣ್ಣು ಬಾಯಿ ತಾನೇ ಬರೆಯುತ್ತದೆ, ನೋಡಿದರೆ ಹೆದರಿಕೆ ಆಗುತ್ತದೆ. ಮುಖ ತಿದ್ದುವ ಆಯ್ಕೆ ಅಂತ ಏನಾದರೂ ಇದ್ದರೆ ಅದನ್ನು ಆಫ್ ಮಾಡಿ. ನಾನು ಅದನ್ನು ಆನ್ ಇಟ್ಟು ಮಾಡಿದ ಒಂದು ಚಿತ್ರವನ್ನು ನಮ್ಮ ಅಜ್ಜಿಗೆ ಹಾಕಿ ತೋರಿಸಿದ್ದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಇವಳು ಯಾರೋ ಬೇರೆ ಹೆಂಗಸು ಕಣೋ ಮಗಾ" ಅಂದರು. ನಾಯಕಿಯ ತುಟಿಯ ಪಕ್ಕದ ಮಚ್ಚೆ ಹೋಗಿತ್ತು. ಆ ಫೈಲನ್ನು ಅವತ್ತೇ ಅಳಿಸಿ ಮೊದಲಿಂದ ಮಾಡಿದೆ.

ಸಮಯದ ಲೆಕ್ಕ ಮೊದಲೇ ಹಾಕಿ. 160 ನಿಮಿಷದ ಸಿನಿಮಾದಲ್ಲಿ 2,30,400 ಫ್ರೇಮ್. ಸೆಕೆಂಡಿಗೆ ಐದು ಫ್ರೇಮ್ ಆದರೆ ಸುಮಾರು 13 ಗಂಟೆ. ಸೆಕೆಂಡಿಗೆ ಒಂದೇ ಆದರೆ 64 ಗಂಟೆ. ನಡುವೆ ಕರೆಂಟ್ ಹೋದರೆ? ಅದಕ್ಕೇ ಸಿನಿಮಾವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ ಓಡಿಸಿ. ಹೋದರೆ ಒಂದು ತುಂಡು ಹೋಗುತ್ತದೆ, ಅಷ್ಟೆ. ತುಂಡುಗಳನ್ನು ಎಂಕೆವಿಯಲ್ಲೇ ಬರೆಸಿ. ಅರ್ಧಕ್ಕೆ ನಿಂತ ಎಂಕೆವಿ ಅಲ್ಲಿಯವರೆಗಾದರೂ ಓಡುತ್ತದೆ, ಅರ್ಧಕ್ಕೆ ನಿಂತ ಎಂಪಿ4 ಸಾಮಾನ್ಯವಾಗಿ ತೆರೆಯುವುದೇ ಇಲ್ಲ.

ಕೊನೆಯಲ್ಲಿ ಚಿಟಿಕೆಯಷ್ಟು ಕಾಳನ್ನು ವಾಪಸ್ ಸೇರಿಸಿ. ಫಿಲ್ಟರ್ ಪಟ್ಟಿಯಲ್ಲಿ ಆಡ್‌ಗ್ರೇನ್ ಅಂತ ಇರುತ್ತದೆ. ತೀರಾ ನುಣುಪಾದ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಪಟ್ಟಿಗಳು ಇದರಿಂದ ಮರೆಯಾಗುತ್ತವೆ.

## ಹಂತ 8: ಧ್ವನಿ

ಧ್ವನಿಯನ್ನು ಎರಡನೇ ಹಂತದ ಮೂಲಪ್ರತಿಯಿಂದಲೇ ಬೇರೆ ತೆಗೆಯಿರಿ. ಆಡಾಸಿಟಿಯಲ್ಲಿ ಮಾತಿಲ್ಲದ, ಬರೀ 'ಸ್‌ಸ್' ಅನ್ನುವ ಅರ್ಧ ಸೆಕೆಂಡನ್ನು ಮಾದರಿಯಾಗಿ ಕೊಟ್ಟು ನಾಯ್ಸ್ ರಿಡಕ್ಷನ್ ಹಾಕಿ. 6 ಡೆಸಿಬಲ್ ಸಾಕು. ಜಾಸ್ತಿ ಹಾಕಿದರೆ ಮಾತು ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ. ಗುಂಯ್ ಅನ್ನುವ ಸದ್ದು ಇದ್ದರೆ 50 ಮತ್ತು 100 ಹರ್ಟ್ಸ್‌ನಲ್ಲಿ ನಾಚ್ ಫಿಲ್ಟರ್ (ಆ ಒಂದು ಸದ್ದನ್ನಷ್ಟೇ ಕತ್ತರಿಸುವಂಥದ್ದು) ಹಾಕಿ.

ಈಗ ಮೊದಲ ಹಂತದ ಚೀಟಿ ತೆಗೆಯಿರಿ. ಸರ್ಟಿಫಿಕೇಟಿನ ಲೆಕ್ಕ 160 ನಿಮಿಷ, ಡಿಸ್ಕ್ 153–154 ನಿಮಿಷ ಬಂದಿದ್ದರೆ ಸಿನಿಮಾ ಶೇ 4ರಷ್ಟು ಜೋರಾಗಿ ಓಡುತ್ತಿದೆ, ಶ್ರುತಿ ಮುಕ್ಕಾಲು ಮನೆಯಷ್ಟು ಏರಿದೆ. ಡಾ. ರಾಜ್‌ಕುಮಾರ್ ಧ್ವನಿ ಎಳೆಯದಾಗಿ, ತೆಳ್ಳಗೆ ಕೇಳುತ್ತಿದೆ ಅನ್ನಿಸಿದರೆ ಕಾರಣ ಇದೇ ಇರಬಹುದು. ವಿಡಿಯೋವನ್ನು 25ರಿಂದ 24 ಫ್ರೇಮಿಗೆ ಇಳಿಸಿ. ಧ್ವನಿಗೆ ಆಡಾಸಿಟಿಯಲ್ಲಿ ವೇಗ, ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯಲ್ಲಿ 0.96 ಕೊಡಿ. ಡಿಸ್ಕೂ 160 ನಿಮಿಷವೇ ಇದ್ದರೆ ಇದನ್ನು ಮಾಡಲೇಬೇಡಿ.

ಜೋಡಿಸಿದ ಮೇಲೆ ತಾಳೆ ನೋಡಿ. ಬಾಗಿಲು ಬಡಿಯುವುದು, ತೆಂಗಿನಕಾಯಿ ಒಡೆಯುವುದು, ಕೆನ್ನೆಗೆ ಏಟು ಬೀಳುವುದು, ಇಂಥ ಕಡೆ ಸುಲಭವಾಗಿ ಗೊತ್ತಾಗುತ್ತದೆ. ಶುರು, ನಡು, ಕೊನೆ ಮೂರು ಕಡೆ ನೋಡಿ. ಮೂರು ಕಡೆಯೂ ಒಂದೇ ವ್ಯತ್ಯಾಸ ಇದ್ದರೆ ಎಂಕೆವಿಟೂಲ್‌ನಿಕ್ಸ್‌ನಲ್ಲಿ ಅಷ್ಟು ಮಿಲಿಸೆಕೆಂಡ್ ಸರಿಸಿ. ಹೋಗ್ತಾ ಹೋಗ್ತಾ ವ್ಯತ್ಯಾಸ ಬೆಳೆಯುತ್ತಿದ್ದರೆ ಸರಿಸಿ ಪ್ರಯೋಜನವಿಲ್ಲ, ಫ್ರೇಮ್ ಲೆಕ್ಕ ತಪ್ಪಿದೆ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

## ಹಂತ 9: ಕೊನೆಯ ಫೈಲ್ ಮತ್ತು ಟಿವಿ

ಕೊನೆಯ ಫೈಲನ್ನು ಎಚ್.265 ಅನ್ನುವ ಹಿಂಡುವ ವಿಧಾನದಲ್ಲಿ ಉಳಿಸಿ: 10 ಬಿಟ್, ಸಿಆರ್‌ಎಫ್ ಅನ್ನುವ ಗುಣಮಟ್ಟದ ಅಂಕಿ 16ರಿಂದ 18. ಅಂಕಿ ಚಿಕ್ಕದಾದಷ್ಟೂ ಗುಣ ಜಾಸ್ತಿ, ಫೈಲ್ ದೊಡ್ಡದು. ಬಣ್ಣದ ಸಿನಿಮಾ ಆದರೆ ಡಿವಿಡಿಯ 601 ಬಣ್ಣ ಪದ್ಧತಿಯಿಂದ ಎಚ್‌ಡಿಯ 709ಕ್ಕೆ ಬದಲಿಸಿ. ಇಲ್ಲದಿದ್ದರೆ ಟಿವಿಯಲ್ಲಿ ಕೆಂಪು, ಹಸಿರು ಸ್ವಲ್ಪ ಬೇರೆಯಾಗಿ ಕಾಣುತ್ತವೆ.

ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಯಾವುದು ಓದುತ್ತದೆ ಅಂತ ನಿಮ್ಮ ಟಿವಿಯ ಕೈಪಿಡಿಯಲ್ಲಿರುತ್ತದೆ.

ಟಿವಿಯನ್ನೂ ಸರಿ ಮಾಡಬೇಕು. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ. ಮೋಷನ್ ಸ್ಮೂತಿಂಗ್ (ಚಲನೆಯನ್ನು ನಯ ಮಾಡುವ ಆಯ್ಕೆ) ಆಫ್ ಮಾಡಿ, ಇಲ್ಲದಿದ್ದರೆ 1960ರ ಸಿನಿಮಾ ಇವತ್ತಿನ ಧಾರಾವಾಹಿಯ ಹಾಗೆ ಕಾಣುತ್ತದೆ. ಶಾರ್ಪ್‌ನೆಸ್ ಪೂರ್ತಿ ಕೆಳಗೆ ತಂದು, ಬೇಕಿದ್ದರೆ ಸ್ವಲ್ಪ ಏರಿಸಿ. ಚಿತ್ರದ ಎರಡೂ ಪಕ್ಕ ಕಪ್ಪು ಇರಲಿ, ಎಳೆದು ತುಂಬಬೇಡಿ.

ವಿಸಿಡಿ ಇರುವವರಿಗೆ ಎರಡು ಮಾತು: ಅದು 352×288, ಡಿವಿಡಿಯ ಕಾಲುಭಾಗ. ಫ್ರೇಮುಗಳು ಬಿಡಿಬಿಡಿ ಗೆರೆಯಾಗಿ ಇರುವುದಿಲ್ಲ, ಹಾಗಾಗಿ ನಾಲ್ಕನೇ ಹಂತ ಬೇಡ. ಡಿಬ್ಲಾಕ್ ಚೆನ್ನಾಗಿ ಹಾಕಿ, ಎರಡು ಪಟ್ಟು ಮಾತ್ರ ಏರಿಸಿ. ವಿಎಚ್‌ಎಸ್ ಕ್ಯಾಸೆಟ್ಟಿನ ಟೇಪಿನಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ವಿಸಿಆರ್‌ಗೆ ಹಾಕಬೇಡಿ, ಟೇಪೂ ಹೋಗುತ್ತದೆ, ಹೆಡ್ಡೂ ಕೊಳೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಯಾವ ಫಿಲ್ಟರ್, ಯಾವ ಅಂಕಿ ಅಂತ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು, ಕೊನೆಯ ಫೈಲ್ ಮತ್ತು ಡಿಸ್ಕಿನ ಮೂಲಪ್ರತಿಯ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ದೊಡ್ಡ ಎಫ್‌ಎಫ್‌ವಿ1 ಫೈಲನ್ನು ಮಾತ್ರ ಈಗಲೇ ಅಳಿಸಬೇಡಿ. ಮನೆಯವರ ಜೊತೆ ಕೂತು ಸಿನಿಮಾವನ್ನು ಪೂರ್ತಿ ಒಂದು ಸಲ ನೋಡಿ, ತಪ್ಪು ಕಂಡ ಕಡೆ ಸಮಯ ಗುರುತು ಹಾಕಿಕೊಳ್ಳಿ. ಆ ತುಂಡುಗಳನ್ನಷ್ಟೇ ಮತ್ತೆ ಓಡಿಸಿ ಜೋಡಿಸಿದ ಮೇಲೆ ಅಳಿಸಿ.